ಕಾರ್ಡಿನದೇ ತಪ್ಪು

ಕಂಪ್ಯೂಟರಿನ ಗ್ರಾಫಿಕ್ಸ್ ಕಾರ್ಡ್ ಕೆಟ್ಟಿದೆ ಎಂದು ಶಿವರಂಜಿನಿ ಸೋಮವಾರ ಬೆಳಗ್ಗೆಯೇ ತೀರ್ಮಾನಿಸಿಬಿಟ್ಟಿದ್ದಳು. ಕೆಟ್ಟಿರಲೇಬೇಕು. ಅದು ಕೆಟ್ಟಿಲ್ಲ ಎಂದಾದರೆ ಕೆಟ್ಟಿರುವುದು ತನ್ನ ಕಣ್ಣು ಎಂದಾಗುತ್ತದೆ. ಆ ಮಾತನ್ನು ಮನಸ್ಸಿನೊಳಗೆ ಪೂರ್ತಿ ಆಡಿಕೊಳ್ಳುವುದಕ್ಕೂ ಅವಳಿಗೆ ಧೈರ್ಯವಿರಲಿಲ್ಲ.

ಚಾಮರಾಜಪೇಟೆಯ ಮನೆಯ ನಡುಕೋಣೆಯಲ್ಲಿ ಕೂತು ಅವಳು ರೇಷ್ಮೆ ಸೀರೆಗಳಿಗೆ ಅಂಚು ಬರೆಯುತ್ತಾಳೆ. ಪರದೆಯ ಮೇಲಿನ ಒಂದು ಚೌಕ ಎಂದರೆ ಮಗ್ಗದ ಮೇಲಿನ ಒಂದು ಎಳೆ. ಇಪ್ಪತ್ತು ವರ್ಷದಲ್ಲಿ ಅವಳ ಎಳೆ ತಪ್ಪಿದ್ದಿಲ್ಲ. ಆ ಬಗ್ಗೆ ಅವಳಿಗೆ ಸ್ವಲ್ಪ ಜಂಬವೂ ಉಂಟು. ಈಗ ಮೂರು ದಿನದಿಂದ, ನೆಟ್ಟಗಿರಬೇಕಾದ ಜರಿಗೆರೆ ನಡುವಿನಲ್ಲಿ ಹೊಟ್ಟೆ ಬಿಟ್ಟುಕೊಂಡು ಕೂತಿತ್ತು. ಅವಳ ತಾಯಿಗೂ ಹೀಗೇ ಶುರುವಾಗಿತ್ತು. ಬಾಗಿಲ ಚೌಕಟ್ಟು ವಾಲಿದೆ ಎಂದು ಹಟ ಹಿಡಿದು ಬಡಗಿಯನ್ನು ಕರೆಸಿ, ಚೆನ್ನಾಗಿದ್ದ ಚೌಕಟ್ಟನ್ನು ಎರಡು ಸಲ ಕೀಳಿಸಿ ಕೂರಿಸಿದ್ದರು. ಮೂರನೆಯ ವರ್ಷಕ್ಕೆ ಮಗಳನ್ನು ದನಿಯಿಂದ ಗುರುತಿಸುವಂತಾಗಿದ್ದರು. ಆಗ ಅವರಿಗೆ ಐವತ್ತು. ಶಿವರಂಜಿನಿಗೆ ಈಗ ನಲವತ್ತೇಳು.

ಅವಳೂ ಕರೆಸಿದಳು, ಬಡಗಿಯನ್ನಲ್ಲ, ಸಂಕರ್ಷಣನನ್ನು. ಗಾಂಧಿಬಜಾರಿನಲ್ಲಿ ಅಂಗಡಿ ಇಟ್ಟುಕೊಂಡಿದ್ದ ಅವನೇ ಈ ಕಂಪ್ಯೂಟರನ್ನು ಜೋಡಿಸಿಕೊಟ್ಟವನು.

“ಮೇಡಂ, ನಿಮ್ ಕೆಲಸಕ್ಕೆ ಈ ಕಾರ್ಡು ಧಾರಾಳ ಸಾಕು,” ಎಂದ ಅವನು, ಡಬ್ಬದ ಪಕ್ಕೆ ಬಿಚ್ಚಿ ಧೂಳು ಊದುತ್ತ. “ಇದರಲ್ಲಿ ದೊಡ್ಡ ದೊಡ್ಡ ಗೇಮ್ ಆಡ್ತಾರೆ. ಸೀರೆ ಅಂಚು ಇದಕ್ಕೊಂದು ಲೆಕ್ಕನಾ?”

“ಗೇಮ್‌ನಲ್ಲಿ ಒಂದು ಚೌಕ ಆಚೆ ಈಚೆ ಆದ್ರೆ ಯಾರ್ ಕೇಳ್ತಾರೆ? ನನ್ ಕೆಲಸ ಹಾಗಲ್ಲ. ನಾಲ್ಕು ವರ್ಷದ ಹಳೇ ಕಾರ್ಡು, ಅದಕ್ಕೂ ಸುಸ್ತಾಗಲ್ವಾ?”

“ಕಾರ್ಡು ಕೆಟ್ರೆ ಪರದೆ ಪೂರ್ತಿ ಕಲಸಿಹೋಗುತ್ತೆ, ಇಲ್ಲಾ ಕಪ್ಪಾಗುತ್ತೆ. ಒಂದೇ ಒಂದು ಗೆರೆ ಬಗ್ಗಿಸೋ ಕಾರ್ಡನ್ನ ನಾನಂತೂ ನೋಡಿಲ್ಲ.”

“ಈಗ ನೋಡಿ,” ಎಂದಳು ಶಿವರಂಜಿನಿ. ದನಿ ಬೇಕಿದ್ದಕ್ಕಿಂತ ಏರಿಹೋಗಿತ್ತು.

ಬ್ಯಾಂಕಿಗೆ ರಜೆ ಹಾಕಿ ಮನೆಯಲ್ಲಿದ್ದ ಗಂಡ ಮನೋಹರ್ ಹತ್ತಿರ ಬಂದ. “ಎಲ್ಲಿ ಬಗ್ಗಿದೆ, ತೋರ್ಸು.” ಅವಳು ಬೆಳಗ್ಗೆ ಶುರುಮಾಡಿದ್ದ ಹೊಸ ಅಂಚಿನ ಮೇಲೆ ಬೆರಳಿಟ್ಟು ತೋರಿಸಿದಳು. ಗಂಡಸರಿಬ್ಬರೂ ಬಗ್ಗಿ, ಮೂಗು ಪರದೆಗೆ ತಾಗುವಷ್ಟು ಹತ್ತಿರ ಹೋಗಿ ನೋಡಿದರು. ಆಮೇಲೆ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಬೈದಿದ್ದರೂ, ನಕ್ಕಿದ್ದರೂ ಅವಳು ತಡೆದುಕೊಳ್ಳುತ್ತಿದ್ದಳು. ಆ ನೋಟವನ್ನು ತಡೆಯಲಾಗಲಿಲ್ಲ.

“ರಂಜಿನಿ, ನೆಟ್ಟಗೇ ಇದೆಯಲ್ಲೇ,” ಎಂದ ಮನೋಹರ್ ಕೊನೆಗೆ, ಮೆಲ್ಲಗೆ.

“ನಿಮಗೆ ಸೀರೆ ಕೆಲಸ ಗೊತ್ತಾ? ಸುಮ್ನಿರಿ!” ಅವಳು ಸಂಕರ್ಷಣನ ಕಡೆ ತಿರುಗಿದಳು. “ಹೊಸ ಕಾರ್ಡು ಹಾಕಿ. ಈಗ್ಲೇ.”

ಚೀಲದಲ್ಲಿ ಒಂದು ಹೊಸ ಕಾರ್ಡು ತಂದಿದ್ದ, ಹಾಕಿದ. ಕಂಪ್ಯೂಟರ್ ಶುರುವಾಗುವವರೆಗಿನ ಆ ಒಂದು ನಿಮಿಷ ಶಿವರಂಜಿನಿ ಸೆರಗಿನ ತುದಿಯನ್ನು ಹಿಂಡುತ್ತಲೇ ಇದ್ದಳು. ಸೀರೆಯ ಅಂಚು ಪರದೆಯ ಮೇಲೆ ಮೂಡಿತು. ಗೆರೆಯ ಹೊಟ್ಟೆ ಇದ್ದಲ್ಲೇ ಇತ್ತು.

“ಹಾಂ,” ಎಂದಳು ಅವಳು. “ಈಗ ನೆಟ್ಟಗಾಯ್ತು. ನಾನ್ ಹೇಳ್ಲಿಲ್ವಾ?”

ಮನೋಹರನ ಮುಖ ಅರಳಿತು. ಸಂಕರ್ಷಣ ತಲೆ ಕೆರೆದುಕೊಂಡು, ಹಳೆಯ ಕಾರ್ಡನ್ನು ಮೇಜಿನ ಮೇಲಿಟ್ಟು, ಕಾಫಿ ಕುಡಿದು ಹೋದ. ಅಷ್ಟು ದೊಡ್ಡ ಸುಳ್ಳನ್ನು ಅಷ್ಟು ಸಲೀಸಾಗಿ ಹೇಳಿದೆನಲ್ಲ ಎಂದು ಅವಳಿಗೇ ಆಶ್ಚರ್ಯವಾಯಿತು. ಭಯ ಮನುಷ್ಯರಿಗೆ ಏನೇನು ಕಲಿಸುತ್ತದೆಯೋ!

ನಾಲ್ಕು ಗಂಟೆಗೆ ಕಬ್ಬನ್‌ಪೇಟೆಯಿಂದ ನೇಕಾರ ಮುನಿರಾಮಪ್ಪನ ಫೋನು ಬಂತು. ಶನಿವಾರ ಅವಳು ಕಳಿಸಿದ್ದ ಅಂಚು ಅವನ ಮಗ್ಗಕ್ಕೆ ಏರಿತ್ತು.

“ಅಮ್ಮಾ, ಎರಡಿಂಚು ನೇಯ್ದು ನಿಲ್ಸಿದೀನಿ. ಜರಿಗೆರೆ ಮಧ್ಯದಲ್ಲಿ ಒಳಕ್ಕೆ ಬಗ್ಗಿದೆ. ಬೇಕಂತಲೇ ಹಂಗೆ ಬರೆದಿದೀರಾ?”

“ಕಾರ್ಡು ಕೆಟ್ಟಿತ್ತು ಮುನಿರಾಮಪ್ಪ. ಇವತ್ತು ಬದಲಾಯಿಸಿದೀನಿ.”

“ಕಾರ್ಡಾ? ಕಾರ್ಡು ಸರಿಯಾಗೇ ಅದೆ ಕಣಮ್ಮಾ!” ಮುನಿರಾಮಪ್ಪನಿಗೆ ಕಾರ್ಡು ಎಂದರೆ ಒಂದೇ, ಮಗ್ಗದ ಮೇಲೆ ತೂಗುವ ತೂತಿನ ರಟ್ಟು. “ಒಂದೊಂದು ತೂತೂ ನಿಮ್ ನಕ್ಷೆ ಜೊತೆ ಹಿಡಿದು ನೋಡ್ದೆ. ನೀವು ಬರೆದಂಗೇ ಹೊಡೆದಿದೀವಿ.”

ಶಿವರಂಜಿನಿಗೆ ಎಲ್ಲವೂ ಒಂದೇ ಸಲ ಅರ್ಥವಾಯಿತು. ಹೊರಕ್ಕೆ ಉಬ್ಬಿದಂತೆ ಕಂಡ ಗೆರೆಯನ್ನು ಶನಿವಾರ ಅವಳೇ ಕೂತು, ಒಂದೊಂದೇ ಚೌಕ ಒಳಗೆಳೆದು, ನೆಟ್ಟಗೆ ಮಾಡಿದ್ದಳು. ನೆಟ್ಟಗಿದ್ದ ಗೆರೆಯನ್ನು! “ನಾಳೆ ತಿದ್ದಿ ಕಳಿಸ್ತೀನಿ,” ಎಂದು ಫೋನಿಟ್ಟಳು. ಯಾವ ಕಣ್ಣಿನಿಂದ ತಿದ್ದುವುದು ಎಂಬುದು ಅವಳಿಗೆ ಗೊತ್ತಿರಲಿಲ್ಲ.

ಸಂಜೆ ದೀಪ ಹಚ್ಚಿ ಪೂಜೆಗೆ ಕೂತಳು. ಕೊರಳ ಕರಡಿಗೆಯಿಂದ ಇಷ್ಟಲಿಂಗವನ್ನು ತೆಗೆದು, ಎಡ ಅಂಗೈಯಲ್ಲಿ ಕಣ್ಣೆತ್ತರಕ್ಕೆ ಹಿಡಿದು, ಅದರ ಕಪ್ಪು ಮೈಮೇಲೆ ಹೊಳೆಯುವ ದೀಪದ ಚುಕ್ಕಿಯನ್ನು ರೆಪ್ಪೆ ಬಡಿಯದೆ ನೋಡುವುದು ಆ ಮನೆಯ ಪೂಜೆ. ದೀಕ್ಷೆಯಾದಂದಿನಿಂದ ಅವಳು ಒಂದು ದಿನವೂ ಬಿಟ್ಟವಳಲ್ಲ. ಆದರೆ ಶನಿವಾರದಿಂದ ಕಣ್ಣು ಮುಚ್ಚಿಕೊಂಡೇ ಪೂಜೆ ಮುಗಿಸುತ್ತಿದ್ದಳು. ಮನಸ್ಸು ನಿಲ್ಲುವುದಕ್ಕೆ ಇದೇ ಮೇಲು ಎಂದು ತನಗೆ ತಾನೇ ಹೇಳಿಕೊಂಡಿದ್ದಳು. ಶಿವನ ಮುಂದೆಯೂ ಕಣ್ಣುಮುಚ್ಚಾಲೆ!

ಇವತ್ತು ಕಣ್ಣು ತೆರೆದಳು. ಬಲಗೈಯಿಂದ ಎಡಗಣ್ಣನ್ನು ಮುಚ್ಚಿದಳು. ಬೆರಳುಗಳು ಕಂಡವು, ಮಣಿಕಟ್ಟಿನ ವಿಭೂತಿ ಕಂಡಿತು. ಚುಕ್ಕಿ ಇರಬೇಕಾದ ಕಡೆ ಬೂದು ಬಣ್ಣದ ಮಬ್ಬು. ಅಂಗೈಯನ್ನು ಹತ್ತಿರ ತಂದಳು, ದೂರ ಹಿಡಿದಳು, ಅಲ್ಲೆಲ್ಲ ಮಬ್ಬೇ. ಲಿಂಗಕ್ಕೆ ತಂತಿಯಿಲ್ಲ, ಪರದೆಯಿಲ್ಲ, ಬಿಚ್ಚಿ ಬದಲಾಯಿಸುವುದಕ್ಕೆ ಒಳಗೆ ಏನೂ ಇಲ್ಲ.

ಪೂಜೆಯ ನಡುವೆ ಮಾತಾಡಬಾರದು.

“ರೀ!” ಎಂದು ಕೂಗಿಕೊಂಡಳು.

ಮನೋಹರ್ ಓಡಿ ಬಂದು ಎದುರಿಗೆ ಕುಕ್ಕರಿಸಿದ. “ಏನಾಯ್ತೇ?”

ಅವಳು ಎಡಗಣ್ಣಿನ ಮೇಲಿನ ಕೈ ತೆಗೆದಿರಲಿಲ್ಲ. ಅವನ ಎರಡು ಕಿವಿ ಕಂಡವು, ಅಂಗಿಯ ಕಾಲರ್ ಕಂಡಿತು. ನಡುವೆ ಮುಖವಿರಲಿಲ್ಲ.

“ಹಳೇ ಕಾರ್ಡು ಸರಿಯಾಗೇ ಇತ್ತು ಕಣ್ರೀ,” ಎಂದಳು. “ನನ್ನ ಡಾಕ್ಟರ್ ಹತ್ರ ಕರ್ಕೊಂಡ್ ಹೋಗಿ.”