ಚಂದ್ರಲೇಖಾಳ ಎಡಗೆನ್ನೆ

ಮುಕ್ಕಳಿಸಿ ಉಗುಳುವ ಮೊದಲೇ ನೀರು ಎಡಕಟವಾಯಿಂದ ಸೋರಿ ಕುಪ್ಪಸ ಒದ್ದೆಯಾಯಿತು. ಚಂದ್ರಲೇಖಾ ಮತ್ತೊಮ್ಮೆ ಮುಕ್ಕಳಿಸಿದಳು. ಮತ್ತೆ ಹಾಗೇ. ಒಳಗೆ ಹೋಗಿ ಕನ್ನಡಿ ನೋಡಿಕೊಂಡರೆ ಮುಖದ ಎಡಭಾಗ ಜೋತುಬಿದ್ದಿತ್ತು. ಕಣ್ಣು ಮುಚ್ಚಲು ನೋಡಿದಳು. ಬಲಗಣ್ಣು ಮುಚ್ಚಿತು, ಎಡಗಣ್ಣು ತೆರೆದೇ ಇತ್ತು.

ಇಪ್ಪತ್ತೆಂಟು ವರ್ಷ ಆ ಮುಖವೇ ಅವಳಿಗೆ ಅನ್ನ ಹಾಕಿತ್ತು. ಸಿನಿಮಾಗಳಲ್ಲಿ ಜಗಳಗಂಟಿ ನೆರೆಮನೆಯವಳು, ಕಿವುಡಿ ಅಡುಗೆಯವಳು. ಈಗ ನಾಲ್ಕು ವರ್ಷದಿಂದ ಬೆಂಗಳೂರಿನ ಒಂದು ಧಾರಾವಾಹಿಯಲ್ಲಿ ಬಾಯಿಬಡುಕಿ ಸೋದರತ್ತೆ. ತುಟಿ ಸೊಟ್ಟ ಮಾಡಿ ಒಂದು ಹುಬ್ಬು ಏರಿಸಿದರೆ ಸಾಕು, ಜನ ನಗುತ್ತಿದ್ದರು. ಶೂಟಿಂಗ್ ಇಲ್ಲದ ದಿನಗಳಲ್ಲಿ ತಮಿಳುನಾಡಿನ ಗಡಿಯೊಳಗಿನ ರಾಯಕೋಟೆಯ ತಮ್ಮನ ಮನೆಗೆ ಬಂದುಬಿಡುತ್ತಿದ್ದಳು.

"ಅಂಜಿನಮ್ಮ, ಇಲ್ ಬಾರೆ. ನನ್ ಮೊಕ ನೋಡು," ಎಂದು ತಮ್ಮನ ಹೆಂಡತಿಯನ್ನು ಕರೆದಳು. ಮಾತು ತೊದಲಿತು.

ಅಂಜಿನಮ್ಮ ಹಿಟ್ಟಿನ ಕೈಯಲ್ಲೇ ಬಂದು ನೋಡಿ ನಕ್ಕಳು. "ಏನಕ್ಕ, ಬೆಳಗ್ಗೇನೇ ಸುರು ಮಾಡ್ಬುಟ್ಟಾ? ಹೊಸಾ ಪಾರ್ಟಾ ಇದು?"

"ಪಾರ್ಟಲ್ಲ ಕಣೆ."

ಅಂಜಿನಮ್ಮ ಇನ್ನೂ ನಕ್ಕಳು. ಮುಚ್ಚಲಾರದ ಆ ಕಣ್ಣಿನಿಂದ ನೀರು ಇಳಿದಾಗ ಮಾತ್ರ ಅವಳ ನಗು ನಿಂತಿತು.

ಲಕ್ವ ಎಂಬ ಮಾತನ್ನು ಇಬ್ಬರೂ ಬಾಯಿಬಿಟ್ಟು ಆಡಲಿಲ್ಲ. ಹೊಸೂರಿನ ಬಸ್ಸಿನಲ್ಲಿ ಚಂದ್ರಲೇಖಾ ಸೆರಗಿನಿಂದ ಮುಖ ಮುಚ್ಚಿಕೊಂಡು, ಬೆರಳುಗಳನ್ನು ಒಂದೊಂದಾಗಿ ಮಡಿಸಿ ಬಿಡಿಸಿ ನೋಡುತ್ತಿದ್ದಳು. ಕೈಯೂ ಹೋದರೆ? ಮುಂದಿನ ಸೀಟಿನ ಹೆಂಗಸೊಬ್ಬಳು ತಿರುಗಿ ಗುರುತು ಹಿಡಿದೇಬಿಟ್ಟಳು.

"ಸೀರಿಯಲ್ ಅತ್ತೆ ಅಲ್ವಾ ನೀವು? ಒಂದ್ಸಲ ಆ ಮೂತಿ ಮಾಡಿ ತೋರ್ಸಿ, ನಮ್ ಹುಡ್ಗಿ ನೋಡ್ಲಿ."

"ಅವ್ರಿಗೆ ಹಲ್ನೋವಮ್ಮ, ಬುಟ್ಬುಡಿ," ಎಂದು ಅಂಜಿನಮ್ಮ ಅಡ್ಡ ಬಂದಳು.

ಆಸ್ಪತ್ರೆಯ ಡಾಕ್ಟರು ಹಣೆ ಸುಕ್ಕು ಮಾಡಿ ಎಂದರು, ಕೈ ಎತ್ತಿ ಎಂದರು, ನಡೆಸಿ ನೋಡಿದರು. ಲಕ್ವ ಅಲ್ಲ, ಮುಖದ ನರ ಊದಿಕೊಂಡಿದೆ, ಬಹಳ ಜನಕ್ಕೆ ವಾಸಿಯಾಗುತ್ತದೆ ಎಂದು ತಮಿಳಿನಲ್ಲಿ ಹೇಳಿದರು. ಪೂರ್ತಿ ವಾಸಿಯಾಗುತ್ತದಾ ಎಂದು ಅವಳೂ ತಮಿಳಿನಲ್ಲೇ ಕೇಳಿದಳು. ಈಗಲೇ ಹೇಳಲಾಗದು ಎಂದು ಮಾತ್ರೆ ಬರೆದುಕೊಟ್ಟರು.

ಧಾರಾವಾಹಿಯ ನಿರ್ದೇಶಕ ಮುನೀಶ್ ವಿಡಿಯೊ ಕಾಲ್‌ನಲ್ಲಿ ಮುಖವನ್ನು ಎರಡೂ ಕಡೆ ತಿರುಗಿಸಿ ತೋರಿಸಲು ಹೇಳಿದ. ಆಮೇಲೆ, "ತಪ್ಪು ತಿಳ್ಕೋಬೇಡಿ ಅಕ್ಕ. ಹಿಂಗೇ ಬನ್ನಿ. ಅತ್ತೆಗೆ ದೃಷ್ಟಿ ತಗುಲಿ ಮೂತಿ ಸೊಟ್ಟ ಆಯ್ತು ಅಂತ ಒಂದು ವಾರ ಓಡಿಸ್ಬೋದು. ಜನ ಬಿದ್ದುಬಿದ್ದು ನಗ್ತಾರೆ," ಎಂದ.

"ನಾನ್ ಮಾಡಿದ್ಕೆ ನಗಲಿ ಮುನೀಶ್. ನಂಗಾಗಿರೋದ್ಕೆ ನಗೋದ್ ಬ್ಯಾಡ."

"ಹಂಗಾದ್ರೆ ಬೇರೆಯವ್ರನ್ನ ನೋಡ್ಬೇಕಾಗುತ್ತೆ ಅಕ್ಕ."

"ನೋಡು," ಅಂದಳು.

ಎಂಟು ದಿನಕ್ಕೆ ಉಷಾರಾಣಿ ಎಂಬ ನಟಿ ಅತ್ತೆಯಾಗಿ ಬಂದಳು. ಅಂಜಿನಮ್ಮ ಟೀವಿಯ ಸದ್ದು ಇಳಿಸಿದಳು. ಚಂದ್ರಲೇಖಾ ಏರಿಸು ಎಂದಳು. ಉಷಾರಾಣಿ ಚೆನ್ನಾಗಿಯೇ ಮಾಡುತ್ತಿದ್ದಳು. ಇವಳಿಗೆ ಎದೆ ಧಸಕ್ಕೆಂದದ್ದು ಅದಕ್ಕೇ. ಕನ್ನಡಿಯ ಮುಂದೆ ಕೂತು ಪ, ಫ, ಬ ಎನ್ನುತ್ತ, ಬೆರಳಿನಿಂದ ಕೆನ್ನೆ ಎತ್ತುತ್ತ, ಮಲಗುವಾಗ ಕಣ್ಣಿಗೆ ಪಟ್ಟಿ ಅಂಟಿಸುತ್ತ ದಿನ ತಳ್ಳಿದಳು. ಐದನೆಯ ವಾರ ರೆಪ್ಪೆ ಮುಚ್ಚಿತು. ತುಟಿಯ ಕೊನೆ ಮಾತ್ರ ಅರ್ಧಕ್ಕೇ ನಿಂತುಬಿಟ್ಟಿತು.

ಮೂರು ತಿಂಗಳ ಮೇಲೆ ಒಂದು ಸಿನಿಮಾದಿಂದ ಕರೆ ಬಂತು. ಒಂದೇ ದೃಶ್ಯ, ಗಂಡ ಕಾಣೆಯಾಗಿದ್ದಾನೆಂದು ಠಾಣೆಗೆ ದೂರು ಕೊಡಲು ಬಂದ ಹೆಂಗಸು. ಎಂಟು ದಿನ ಯಾಕೆ ಬರಲಿಲ್ಲ ಎಂದು ಇನ್ಸ್‌ಪೆಕ್ಟರ್ ಕೇಳುತ್ತಾನೆ. ಅವಳು ಉತ್ತರ ಹೇಳಿದಾಗ ಲೈಟಿನವರೆಲ್ಲ ನಕ್ಕರು. ಚಂದ್ರಲೇಖಾ ತುಟಿಯ ಕೊನೆ ಮುಟ್ಟಿಕೊಂಡಳು. ಮಾತಿಗೆ ನಕ್ಕರೋ, ಸೊಟ್ಟ ತುಟಿಗೆ ನಕ್ಕರೋ?

"ನನ್ ಮೊಕ ಕಾಣದಂಗೆ ಇನ್ನೊಂದ್ಸಲ ತಗೀರಮ್ಮ," ಎಂದು ನಿರ್ದೇಶಕಿ ಮಾಲಿನಿಯನ್ನು ಕೇಳಿಕೊಂಡಳು. ಮಾಲಿನಿಗೆ ಅರ್ಥವಾಗಲಿಲ್ಲ, ಆದರೂ ಕ್ಯಾಮೆರಾವನ್ನು ಅವಳ ಬೆನ್ನ ಹಿಂದೆ ಇಡಿಸಿದಳು. ಲೈಟಿನವರೂ ಅವಳ ಮುಖ ಕಾಣದ ಹಾಗೆ ಅಲ್ಲೇ ನಿಂತರು.

"ಮನೇಲಿ..." ಎಂದು ಚಂದ್ರಲೇಖಾ ಮಾತು ತಡೆದಳು. ಎರಡು ಉಸಿರು ಬಿಟ್ಟಳು. "ನೆಮ್ಮದಿಯಾಗಿತ್ತು ಸ್ವಾಮಿ."

ಬೆನ್ನ ಹಿಂದೆ ನಗು ಸಿಡಿಯಿತು, ಅವಳು ತಡೆದು ಆಡಿದ ಮಾತಿಗೇ.

ಎರಡು ಸಲ ತೆಗೆದದ್ದರಲ್ಲಿ ಯಾವುದನ್ನು ಇಟ್ಟುಕೊಳ್ಳಲಿ ಎಂದು ಮಾಲಿನಿ ಕೇಳಿದಳು.

"ಮೊಕ ಕಾಣೋದೇ ಇರ್ಲಿ," ಎಂದು ಚಂದ್ರಲೇಖಾ ಊಟಕ್ಕೆ ನಡೆದಳು.