ಇಸಾಮು ಜಾಗ ಬದಲಿಸಿದ ವಾಲ್ವ್

ರುಮೊಯ್ ಕಡಲ ದಂಡೆಯ ಆ ಮನೆಯಲ್ಲಿ ಚಳಿಗಾಲದ ತಯಾರಿ ಯಾವತ್ತೂ ಇಸಾಮುವಿನ ಕೆಲಸ. ಹಿಮದ ಭಾರಕ್ಕೆ ಮುರಿಯದಂತೆ ಅಂಗಳದ ಮರಗಳ ಕೊಂಬೆಗಳನ್ನು ಹುಲ್ಲುಹಗ್ಗದಿಂದ ಬಿಗಿಯುವುದು, ಕಿಟಕಿಗಳಿಗೆ ಹಲಗೆ ಹೊಡೆಯುವುದು, ನೀರು ಹೆಪ್ಪುಗಟ್ಟುವ ಮೊದಲ ರಾತ್ರಿಗೆ ಮುಂಚೆ ಪೈಪುಗಳು ಒಡೆಯದಂತೆ ಅವನ್ನು ಬರಿದು ಮಾಡುವುದು. ಜೂನ್‌ನಲ್ಲಿ ಪಾರ್ಶ್ವವಾಯು ಬಡಿದು ಅವನ ಬಲಭಾಗ ಬಿದ್ದುಹೋಯಿತು. ಬಾಯಲ್ಲಿ ಒಂದೇ ಮಾತು ಉಳಿಯಿತು: ಮೀನು. ಹಸಿವಾದರೂ ಮೀನು, ಹೆಂಡತಿ ಕಿಕುಯೆಯನ್ನು ಕರೆಯಲೂ ಮೀನು.

ನವೆಂಬರಿನ ಆ ಬೆಳಿಗ್ಗೆ ರೇಡಿಯೊ, ರಾತ್ರಿಗೆ ಮೈನಸ್ ಎಂಟು ಡಿಗ್ರಿ ಎಂದಿತು. ಕಿಕುಯೆ ಏಣಿ ಹತ್ತಿದಳು. ಗಂಟು ಜಾರಿದಾಗಲೆಲ್ಲ ಗಾಲಿಕುರ್ಚಿಯಲ್ಲಿದ್ದ ಇಸಾಮು ಒಳಗಿಂದ ಗಾಜು ಬಡಿಯುತ್ತಿದ್ದ.

"ಏನೇ, ಮರ ಕಟ್ತಿದೀಯೋ, ಕಳ್ಳನ್ನ ಕಟ್ಟಿಹಾಕ್ತಿದೀಯೋ?" ಪಕ್ಕದ ಮನೆಯ ಹಾತ್ಸುಯೆ ಬೇಲಿಯಾಚೆಯಿಂದ ಕೂಗಿದಳು.

"ನಗಬೇಡಕ್ಕ, ಬಂದು ಏಣಿ ಹಿಡ್ಕೊ."

ಮಧ್ಯಾಹ್ನದ ಹೊತ್ತಿಗೆ ಮರ, ಹಲಗೆ, ಚಳಿಗಾಲದ ಉಪ್ಪಿನಕಾಯಿಯ ಮೂಲಂಗಿ ಎಲ್ಲ ಮುಗಿದವು. ಉಳಿದದ್ದು ನೀರು. ಹೋದ ವರ್ಷ ನೆಲ ಕಿತ್ತು ಸರಿಮಾಡುವಾಗ ಇಸಾಮು ಪೈಪುಗಳ ನೀರು ಬಸಿಯುವ ವಾಲ್ವನ್ನು ಬೇರೆಡೆಗೆ ಸರಿಸಿದ್ದ. ಎಲ್ಲಿಗೆ ಎಂದು ಅವಳು ಕೇಳಿರಲಿಲ್ಲ.

"ರೀ, ವಾಲ್ವ್ ಎಲ್ಲಿಟ್ರಿ?"

"ಮೀನು," ಎಂದು ಅವನು ಎಡಗೈ ಚಾಚಿ ಅಡುಗೆಮನೆ ತೋರಿಸಿದ. ಅವಳು ಅಲ್ಲಿ ಹಲಗೆ ಎಬ್ಬಿಸಿದಳು, ಸಿಂಕಿನಡಿ ತೆವಳಿದಳು, ಅಕ್ಕಿಡಬ್ಬ ಎಳೆದಳು. ಏನೂ ಇರಲಿಲ್ಲ. ಅವನು ಮತ್ತೆ ಅಲ್ಲಿಗೇ ಕೈ ಚಾಚಿದ.

ಪ್ಲಂಬರಿಗೆ ಫೋನ್ ಮಾಡಿದಳು. "ಊರೆಲ್ಲ ಇವತ್ತೇ ಕರೀತಿದೆ ತಾಯಿ, ನಾಳೆ ಬರ್ತೀನಿ," ಎಂದ.

"ಸರಿಯಾಗಿ ತೋರಿಸ್ರೀ! ಮೀನು ಮೀನು ಅಂದ್ರೆ ನಾನೇನ್ ಮಾಡ್ಲಿ?" ಕಿಕುಯೆ ಕಿರುಚಿದಳು.

ಇಸಾಮು ತನ್ನ ತೊಡೆಗೆ ಗುದ್ದಿಕೊಳ್ಳತೊಡಗಿದ. ಅವಳು ಓಡಿ ಹೋಗಿ ಆ ಮುಷ್ಟಿಯನ್ನು ಹಿಡಿದುಕೊಂಡಳು. ಕೊನೆಗೆ ಪೈಪುಗಳಿಗೆ ಹಳೆ ಬಟ್ಟೆ ಸುತ್ತಿ, ನೀರು ಹೆಪ್ಪುಗಟ್ಟದಿರಲೆಂದು ನಲ್ಲಿಯನ್ನು ಸಣ್ಣಗೆ ಬಿಟ್ಟು ಮಲಗಿದಳು.

ಬೆಳಿಗ್ಗೆ ಎದ್ದಾಗ ಅಡುಗೆಮನೆಯ ನೆಲ ಮಂಜುಗಡ್ಡೆ ಕಟ್ಟಿ ಬಿಳಿಯಾಗಿ ಹೊಳೆಯುತ್ತಿತ್ತು. ಪೈಪು ಗೋಡೆಯ ಬಳಿ ಸೀಳಿತ್ತು. ಹಾತ್ಸುಯೆಯ ಗಂಡ ಬಂದು ರಸ್ತೆಬದಿಯ ಮುಖ್ಯ ನಲ್ಲಿ ತಿರುಗಿಸಿ ನೀರು ನಿಲ್ಲಿಸಿದ.

ಪ್ಲಂಬರ್ ಬಂದವನು ಐದೇ ನಿಮಿಷದಲ್ಲಿ ವಾಲ್ವ್ ಹುಡುಕಿದ. ಅದು ಮನೆಯ ಇನ್ನೊಂದು ತುದಿಯಲ್ಲಿ, ಬಚ್ಚಲಿನ ಹಲಗೆಯ ಕೆಳಗಿತ್ತು. "ಚೆನ್ನಾಗಿ ಕೂರಿಸಿದಾರೆ ಯಜಮಾನ್ರು," ಎಂದ.

ಅವನು ಬಚ್ಚಲಿನಿಂದ ಹೊರಬಂದದ್ದನ್ನು ಇಸಾಮು ನೋಡಿದ. ಆಮೇಲೆ ತನ್ನ ಎಡಗೈಯನ್ನು ನೋಡಿಕೊಂಡ. ಮಾತು ಹೋದರೂ ಅದೊಂದು ಕೈಯನ್ನು ಅವನು ನಂಬಿದ್ದ. ಅದು ಎತ್ತಲೋ ತೋರಿಸಿತ್ತು. ಬಚ್ಚಲನ್ನೇ ತೋರಿಸುತ್ತಿದ್ದೇನೆಂದು ಅವನು ಇಡೀ ದಿನ ಅಂದುಕೊಂಡಿದ್ದ. ಕೈಯನ್ನು ಮೆಲ್ಲಗೆ ಮಡಿಲಿಗೆ ಇಳಿಸಿದ.

"ಪೈಪು ತಾನೇ, ಬಿಡಿ," ಎಂದಳು ಕಿಕುಯೆ. ಅವನು ಅವಳತ್ತ ಮುಖ ತಿರುಗಿಸಲಿಲ್ಲ. ಅವಳು ಕಂಬಳಿಯನ್ನು ಅವನ ಮೊಣಕಾಲಿಗೆ ಎಳೆದು, ಎರಡು ಬಕೆಟ್ ಹಿಡಿದು ಹಾತ್ಸುಯೆಯ ಮನೆಗೆ ನೀರಿಗೆ ಹೋದಳು.