ಗುಡ್ಡದ ಓಣಿಯ ಇಳಿಜಾರು

ಎರಡನೆಯ ಸಲವೂ ಸೂಗಪ್ಪನ ಹೆಣ ಎಡಕ್ಕೆ ವಾಲಿತು. ಪೋಸ್ಟ್‌ಮಾರ್ಟಮ್ ಮುಗಿಸಿ ಬಂದ ದೇಹ, ಕೂಡಿಸಿದರೆ ಕೂರುತ್ತಿರಲಿಲ್ಲ. ಕೊನೆಗೆ ತಮ್ಮ ಚನ್ನವೀರ ಎದೆಗೊಂದು ಶಾಲು ಸುತ್ತಿ, ಹಿಂದಿನ ಕಿಟಕಿಯ ಸರಳಿಗೆ ಬಿಗಿದು ಕಟ್ಟಿದ. ಹಣೆಗೆ ವಿಭೂತಿ ಬಿತ್ತು, ಕೊರಳಿಗೆ ಹೂವು ಬಿತ್ತು. ಮೂರು ಸಲ ಸೋಪು ಹಚ್ಚಿ ತಿಕ್ಕಿದರೂ ಉಗುರಿನ ಸಂದಿಯ ಗ್ರೀಸು ಮಾತ್ರ ಹೋಗಲಿಲ್ಲ.

"ಕಿರಾಣಿ ಅಂಗಡಿಯವ್ನ ಕೈ ಅಂತಾರೇನು ಇದಕ್ಕ?" ಪಕ್ಕದ ಮನೆಯ ಅಮರಮ್ಮ ಅಳುತ್ತಲೇ ಅಂದಳು. "ಆ ಕಾರು ಒಂದಿನಾರ ಗ್ಯಾರೇಜ್ ಕಂಡಿತ್ತೇನು?"

ಕಂಡಿರಲಿಲ್ಲ. ಸೂಗಪ್ಪ ಜಿಪುಣ ಎಂದು ಮಸ್ಕಿ ಊರೆಲ್ಲ ನಗುತ್ತಿತ್ತು, ಅವನೂ ಜೊತೆಗೆ ನಗುತ್ತಿದ್ದ. ಆಯಿಲ್ ತಾನೇ ಬದಲಿಸುತ್ತಿದ್ದ, ಬ್ರೇಕ್ ಪ್ಯಾಡು ತಾನೇ ಹಾಕುತ್ತಿದ್ದ. ಗುಡ್ಡದ ಓಣಿಯ ಇಳಿಜಾರಿನಲ್ಲಿ ಎಂಜಿನ್ ಚಾಲೂ ಮಾಡದೆ, ಹ್ಯಾಂಡ್‌ಬ್ರೇಕ್ ಬಿಟ್ಟು, ದೊಡ್ಡ ರಸ್ತೆಯವರೆಗೆ ಕಾರನ್ನು ಪುಕ್ಕಟೆ ಉರುಳಿಸಿಕೊಂಡು ಹೋಗುತ್ತಿದ್ದ. ನಿನ್ನೆ ಹಾಗೆ ಉರುಳಿದ ಕಾರು ರಸ್ತೆಯ ಅಂಚಿಗೆ ನಿಲ್ಲಲಿಲ್ಲ. ಭತ್ತ ಹೇರಿಕೊಂಡು ಬಂದ ಲಾರಿಯ ಕೆಳಗೆ ಹೋಯಿತು.

"ಪ್ಯಾಡು ಡುಪ್ಲಿಕೇಟ್ ಅದಾವ," ಬಂದವರಿಗೆಲ್ಲ ಹೇಳಿದ್ದನ್ನೇ ಮಗ ಬಸವಲಿಂಗ ಮತ್ತೆ ಹೇಳಿದ. "ಸಿಂಧನೂರಿನ ಹುಸೇನಬಾಷಾ ಕೊಟ್ಟಾನ. ಮಣ್ಣು ಮುಗೀಲಿ, ಸೀದಾ ಠಾಣೆಗೆ ಹೋಗ್ತೀನಿ. ಅವನ ಅಂಗಡಿಗೆ ಬೀಗ ಹಾಕಿಸ್ಲಿಲ್ಲ ಅಂದ್ರ ಕೇಳು."

"ಮೂವತ್ತು ವರ್ಷದ ದೋಸ್ತಿಯೋ ಅವರದು," ಎಂದ ಚನ್ನವೀರ.

"ದೋಸ್ತಿ ನೋಡೇ ಮೋಸ ಮಾಡ್ಯಾನ ಕಾಕಾ."

ಮಗಳು ಶಿವಕುಮಾರಿ ತಾಯಿಯ ಪಕ್ಕದಲ್ಲಿ ಕೂತಿದ್ದಳು. ಪ್ಯಾಡಿನದು ತಪ್ಪಲ್ಲವೆಂದು ಆ ಮನೆಯಲ್ಲಿ ಗೊತ್ತಿದ್ದುದು ಅವಳೊಬ್ಬಳಿಗೆ. ಹೇಳಲು ಬಾಯಿ ತೆರೆದಳು. ತೆರೆದ ಬಾಯಿಗೆ ಸೆರಗು ಒತ್ತಿಕೊಂಡಳು.

*

ನಿನ್ನೆ ಭಾನುವಾರ ಲಿಂಗಸುಗೂರಿನಿಂದ ತವರಿಗೆ ಬಂದವಳನ್ನು ಸೂಗಪ್ಪ ಅಂಗಳದಲ್ಲೇ ತಡೆದಿದ್ದ. "ಛಲೋ ಹೊತ್ತಿಗೆ ಬಂದಿ ನೋಡವ್ವಾ. ನಿನ್ನ ಕೆಲಸ ಐತಿ."

ಎಂಟನೆಯ ವಯಸ್ಸಿನಿಂದ ಅವಳ ಕೆಲಸ ಒಂದೇ. ಹೊಸ ಪ್ಯಾಡು ದಪ್ಪ; ಅದು ಕೂರಬೇಕಾದರೆ ಒಳಗಿನ ಪಿಸ್ಟನ್ನನ್ನು ಹಿಂದಕ್ಕೆ ಒತ್ತಬೇಕು. ಒತ್ತಿದ ಮೇಲೆ ಪೆಡಲ್ ತುಳಿದರೆ ಏನೂ ಹಿಡಿಯದೆ ನೆಲಕ್ಕೆ ಹೋಗುತ್ತದೆ. ಹತ್ತಾರು ಸಲ ತುಳಿದು ಗಟ್ಟಿ ಮಾಡಿದ ಮೇಲೆಯೇ ಕಾರಿಗೆ ಬ್ರೇಕು. ಸೀಟಿನ ತುದಿಗೆ ಜಾರಿ ಕಾಲು ಚಾಚುತ್ತಿದ್ದ ಹುಡುಗಿಗೆ ಈಗ ಮೂವತ್ತು ದಾಟಿತ್ತು. ಆ ಕೆಲಸವನ್ನು ಸೂಗಪ್ಪ ಬೇರೆ ಯಾರಿಗೂ ಕೊಟ್ಟಿರಲಿಲ್ಲ, ಮಗನಿಗೂ.

ಹೊಸ ಪ್ಯಾಡು ಹಾಕಿ, ಚಕ್ರ ಬಿಗಿದು ಅವನು ಕೈ ತೊಳೆಯಲು ಹೋದ. ಅವಳು ಸೀಟಿನಲ್ಲಿ ಕೂರುವಷ್ಟರಲ್ಲಿ ಗಂಡನ ಫೋನು ಬಂತು. ಬಸುರಿ ನಾದಿನಿಯ ಕುಬಸಕ್ಕೆ ಹೋಗದೆ ತವರಿಗೆ ಬಂದದ್ದಕ್ಕೆ ಜಗಳ. ಯಾರಿಗೂ ಕೇಳಿಸದಿರಲೆಂದು ಇಳಿದು ಬೇವಿನ ಮರದ ಕಡೆ ಸರಿದಳು.

"ಪೆಡಲ್ ತುಳದಿ ಏನವ್ವಾ?" ಕೈ ಒರೆಸಿಕೊಳ್ಳುತ್ತ ಸೂಗಪ್ಪ ಕೇಳಿದ.

ಫೋನಿಟ್ಟ ಮೇಲೆ ತುಳಿದರಾಯಿತು ಎಂದುಕೊಂಡಳು. "ತುಳದೀನಿ ಹೋಗಪ್ಪಾ," ಎಂದು ಕೈ ಬೀಸಿದಳು.

ಮಗಳು ಅಂದಮೇಲೆ ಮುಗಿಯಿತು. ಸೂಗಪ್ಪ ತುಳಿದು ನೋಡುವವನಲ್ಲ, ಸೀದಾ ಕಾರು ಹತ್ತಿದ. ಹ್ಯಾಂಡ್‌ಬ್ರೇಕ್ ಬಿಟ್ಟ ಸದ್ದು ಕೇಳಿ ಅವಳು ಕೂಗಿದಳು, ಚಪ್ಪಲಿ ಬಿಟ್ಟು ಓಡಿದಳು. ಕಾರು ಓಣಿಯ ತಿರುವು ದಾಟಿತ್ತು.

*

ಹೊಲದ ಬದುವಿನಲ್ಲಿ ಕುಣಿ ತೋಡಿ ಸೂಗಪ್ಪನನ್ನು ಕೂಡಿಸಿದ್ದರು. ಮಠದ ಐನೋರು ಬಿಲ್ವಪತ್ರಿ ಹಾಕಿಸಿ ಪಕ್ಕಕ್ಕೆ ಸರಿದರು. ಜನ ಒಬ್ಬೊಬ್ಬರಾಗಿ ಮಣ್ಣು ಕೊಡಲು ಬಂದರು. ಸಾಲಿನ ಕೊನೆಗೆ ಹುಸೇನಬಾಷಾ ಬರಿಗಾಲಲ್ಲಿ ನಿಂತಿದ್ದ.

ಬಸವಲಿಂಗ ಹೋಗಿ ಅವನ ಕೊರಳಪಟ್ಟಿ ಹಿಡಿದ. "ಸಾಯ್ಸೋ ಮಾಲು ಮಾರಿ ಮಣ್ಣು ಹಾಕಾಕ ಬಂದೀಯೇನಲೇ?"

"ಹಾಕಿ ಬರ್ತೀನಪ್ಪಾ. ಆಮ್ಯಾಲ ಎಲ್ಲಿಗೆ ಬೇಕಾದ್ರೂ ಕರಕೊಂಡು ಹೋಗು." ಮುದುಕ ಕೈ ಸಹ ಎತ್ತಲಿಲ್ಲ. "ಮುಂಜಾನಿಂದ ಅಂಗಡಿಯಾಗಿನ ಡಬ್ಬಿ ಎಲ್ಲಾ ತಗದು ನೋಡಾಕತ್ತೀನಿ. ನಾನೇ ತಪ್ಪು ಕೊಟ್ಟೀನೇನೋ, ನನಗೂ ತಿಳೀವಲ್ದು."

ಆ ಮಾತು ಕೇಳಿಕೊಂಡು ನಿಲ್ಲಲು ಶಿವಕುಮಾರಿಗೆ ಆಗಲಿಲ್ಲ.

"ಅಣ್ಣಾ, ಚಾಚಾನ್ನ ಬಿಡು. ಪ್ಯಾಡು ಛಲೋ ಅದಾವ. ನಾ ಪೆಡಲ್ ತುಳದಿದ್ದಿಲ್ಲ. ತುಳದೀನಿ ಅಂತ ಅಪ್ಪಗ ಸುಳ್ಳು ಹೇಳಿದೆ."

ಭಜನೆಯವರ ತಾಳ ನಿಂತಿತು. ಬಸವಲಿಂಗನ ಕೈ ತಾನಾಗಿ ಸಡಿಲವಾಯಿತು. ಹುಸೇನಬಾಷಾ ಮಣ್ಣು ಹಾಕಿ, ಕುಣಿಯ ಅಂಚಿನಲ್ಲೇ ಕುಸಿದು ಕೂತು ಗೋಳೋ ಎಂದು ಅತ್ತ. ಶಿವಕುಮಾರಿಯ ಸುತ್ತ ಇದ್ದ ಹೆಂಗಸರು ಒಂದೊಂದು ಹೆಜ್ಜೆ ಸರಿದರು. ತಾಯಿ ಶೇಖರಮ್ಮ ಮಗಳ ಹೆಗಲ ಮೇಲಿಟ್ಟಿದ್ದ ಕೈ ತೆಗೆದು ನೆಲಕ್ಕೆ ಕೂತಳು.

ಶಿವಕುಮಾರಿ ಒಂದು ಹಿಡಿ ಎರೆಮಣ್ಣು ತೆಗೆದುಕೊಂಡಳು. ಹಾಕಲು ಕೈ ಬರಲಿಲ್ಲ. ಹಾಕು ಎಂದು ಯಾರೂ ಅನ್ನಲಿಲ್ಲ, ಬೇಡ ಎಂದೂ ಅನ್ನಲಿಲ್ಲ. ಸಲಿಕೆಗಳು ಶುರುವಾದವು. ಸೂಗಪ್ಪನ ಮೊಣಕಾಲು ಮುಚ್ಚಿತು, ಎದೆ ಮುಚ್ಚಿತು, ತಲೆಯ ಪಟಗ ಮುಚ್ಚಿತು. ಕುಣಿ ಇನ್ನೇನು ನೆಲದ ಸಮಕ್ಕೆ ಬಂತು. ಅವಳು ಮುಷ್ಟಿ ಬಿಗಿಹಿಡಿದು ನಿಂತೇ ಇದ್ದಳು.

ಶೇಖರಮ್ಮ ಎದ್ದು ಬಂದಳು. ಮಗಳ ಮುಷ್ಟಿ ಹಿಡಿದು, ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದೇ ಬೆರಳು ಬಿಡಿಸಿದಳು. ಬೆವರಿಗೆ ಅಂಟಿದ್ದ ಮಣ್ಣನ್ನು ಚೂರೂ ಉಳಿಯದಂತೆ ಸವರಿ ಕುಣಿಯ ಮೇಲೆ ಉದುರಿಸಿದಳು. ಆಮೇಲೆ ಆ ಕೈಯನ್ನು ಅಲ್ಲೇ ಬಿಟ್ಟು, ಮಗಳ ಮುಖ ನೋಡದೆ ಊರಿನ ಕಡೆ ನಡೆದಳು.